ಎಂದಿನಂತೆ ಇರಿ

ಆಗಸ್ಟ್ ೪, ಸೋಮವಾರ

ಅಂಗಡಿಯ ಮೂಲೆಯಲ್ಲಿ ಹಾಳಾಗುತ್ತಿದ್ದ ಸರ್ವಿಸ್ ಪುಸ್ತಕವೊಂದನ್ನು ಯಜಮಾನರನ್ನು ಕೇಳಿ ತಂದುಕೊಂಡೆ. ತಕ್ಕಡಿಯ ನಂಬರು, ದೋಷ, ಮಾಡಿದ ಕೆಲಸ ಎಂದು ಮೂರು ಅಂಕಣ ಅಚ್ಚಾಗಿವೆ. ಗೆರೆಗಳನ್ನು ಲೆಕ್ಕಿಸದೆ ಅವುಗಳ ಮೇಲೇ ಬರೆಯುತ್ತೇನೆ. ಹೆಂಡತಿ ಇದ್ದಾಗ ಸಂಜೆ ತರಕಾರಿ ಹೆಚ್ಚುತ್ತಾ, "ಇವತ್ತೇನಾಯ್ತು ಹೇಳಿ" ಎನ್ನುತ್ತಿದ್ದಳು. ನಾನು ನಾಲ್ಕು ಮಾತು ಹೇಳಿದರೆ ಅದಕ್ಕೆ ನಲವತ್ತು ಸೇರಿಸುತ್ತಿದ್ದಳು. ಫೆಬ್ರವರಿಯಲ್ಲಿ ಅವಳು ತೀರಿಕೊಂಡ ಮೇಲೆ ಆ ನಾಲ್ಕು ಮಾತು ಹಾಗೇ ಉಳಿದುಬಿಡುತ್ತವೆ.

ಇವತ್ತು ಮಗಳ ಶಾಲೆಯ ಹಾಲ್‌ಗೆ ಹೋಗಿದ್ದೆ. ಹದಿಹರೆಯದ ಮಕ್ಕಳ ನಡವಳಿಕೆ, ಆರೋಗ್ಯ, ನೆಮ್ಮದಿಯ ಬಗ್ಗೆ ಒಂದು ಅಧ್ಯಯನವಂತೆ. ಸೇರಿದ ಮನೆಗಳಲ್ಲಿ ಅರ್ಧದಷ್ಟು ಮನೆಯವರಿಗೆ ಹತ್ತು ಶನಿವಾರ ಪಾಠ. ಮಕ್ಕಳ ಜೊತೆ ಹೇಗೆ ಮಾತಾಡಬೇಕು, ಜಗಳ ಆದರೆ ಹೇಗೆ ಮುಗಿಸಬೇಕು, ನಿದ್ದೆ, ಊಟ, ಆಟ ಎಲ್ಲ ಹೇಳಿಕೊಡುತ್ತಾರೆ. ನಾನು ಓದಿದ್ದು ಹತ್ತನೇ ಕ್ಲಾಸು, ಆಮೇಲೆ ತಕ್ಕಡಿ ರಿಪೇರಿ. ಆದರೂ ಎಲ್ಲರಿಗಿಂತ ಮೊದಲು ಸಹಿ ಹಾಕಿದೆ.

ಕಾರಣ ನಾದಿನಿ. ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ನಿನ್ನೆ ನೇರವಾಗಿಯೇ ಹೇಳಿದಳು: "ಭಾವಾ, ಬೇಜಾರು ಮಾಡ್ಕೋಬೇಡಿ. ಹೆಣ್ಣುಮಗು, ದೊಡ್ಡವಳಾಗ್ತಿದಾಳೆ. ನಿಮಗೆ ಬಾಯಲ್ಲಿ ಮಾತೇ ಇಲ್ಲ. ಡಿಸೆಂಬರ್ ರಜೆಗೆ ಬಂದು ಕರ್ಕೊಂಡು ಹೋಗ್ತೀನಿ, ಇಲ್ಲೇ ಶಾಲೆಗೆ ಸೇರಿಸ್ತೀನಿ. ಅವಳು ಒಪ್ಪಿದ್ರೆ ನೀವು ಬೇಡ ಅನ್ನಬಾರದು." ನಾನು ಹ್ಞೂಂ ಅಂದೆ. ಬೇರೆ ಏನನ್ನಲಿ? ಅವಳು ಹೇಳಿದ್ದು ಸುಳ್ಳಲ್ಲ.

ಮಗಳಿಗೆ ಹದಿನಾಲ್ಕು. ಗುಂಜಿ ಎನ್ನುತ್ತೇವೆ. ಹುಟ್ಟಿದಾಗ ಒಂದು ಕಿಲೋ ಒಂಬೈನೂರು ಗ್ರಾಂ ಇದ್ದಳು. "ಗುಲಗಂಜಿಯಷ್ಟಿದಾಳೆ ನಿಮ್ಮ ಮಗಳು. ತೂಕದವರ ಮನೆಗೆ ಸರಿಯಾಗಿದೆ" ಎಂದು ಅವಳಮ್ಮನೇ ಇಟ್ಟ ಹೆಸರು.

ಎನ್ನುತ್ತೇವೆ ಎಂದು ಬರೆದಿದ್ದೇನೆ. ಎನ್ನುತ್ತೇನೆ.

ಆಗಸ್ಟ್ ೧೧, ಸೋಮವಾರ

ನಾವು ಬಿ ಗುಂಪು. ಪಾಠ ಇಲ್ಲ.

ಅಧ್ಯಯನದ ಹುಡುಗಿ, ಇಪ್ಪತ್ತೈದು ಇರಬಹುದು, ಪ್ರತಿ ಮನೆಯವರನ್ನೂ ಕೂರಿಸಿ ವಿವರಿಸಿದಳು. ಕಂಪ್ಯೂಟರ್ ಚೀಟಿ ಎತ್ತಿದಂತೆ ಆರಿಸುತ್ತದಂತೆ. ಎ ಗುಂಪಿಗೆ ಈಗ ಪಾಠ, ನಮಗೆ ಮುಂದಿನ ವರ್ಷ. ಅಲ್ಲಿಯವರೆಗೆ ಮೂರು ಸಲ ಫಾರಂ ತುಂಬಿಕೊಡಬೇಕು.

"ಹಾಗಾದ್ರೆ ನಾವೇನು ಮಾಡ್ಬೇಕಮ್ಮಾ?" ಎಂದೆ.

"ಏನೂ ಮಾಡ್ಬೇಡಿ ಸರ್. ಎಂದಿನಂತೆ ಇರಿ. ನಿಮ್ಮನ್ನ ನೋಡಿಯೇ ಅವರಲ್ಲಿ ಎಷ್ಟು ಬದಲಾವಣೆ ಆಗಿದೆ ಅಂತ ಗೊತ್ತಾಗೋದು. ನೀವೇ ನಮಗೆ ಅಳತೆಗೋಲು."

ಮುಖ ಸಣ್ಣದಾಗಿ ಹೊರಗೆ ಬಂದೆ. ಬಸ್ ನಿಲ್ದಾಣ ಬರುವಷ್ಟರಲ್ಲಿ ವಿಷಯ ತಲೆಗೆ ಹೊಳೆಯಿತು. ಅಂಗಡಿಯಲ್ಲಿ ಮಖಮಲ್ಲಿನ ಪೆಟ್ಟಿಗೆಯೊಂದಿದೆ. ಅದರಲ್ಲಿ ಹಿತ್ತಾಳೆಯ ಮೂಲ ತೂಕದ ಬೊಟ್ಟುಗಳಿವೆ. ಊರಿನ ತಕ್ಕಡಿಗಳೆಲ್ಲ ಸರಿಯೋ ತಪ್ಪೋ ಎಂದು ಹೇಳುವುದು ಆ ಬೊಟ್ಟುಗಳು. ಅವನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ, ಚಿಮಟದಲ್ಲೇ ಎತ್ತಬೇಕು. ಬೆರಳಿನ ಬೆವರು ತಾಗಿದರೂ ತೂಕ ಕೆಡುತ್ತದೆ. ನಾನು ಸೇರಿದ ಮೊದಲ ದಿನ ಯಜಮಾನರು ಕಲಿಸಿದ್ದು ಇದನ್ನೇ: "ಇದನ್ನ ಮುಟ್ಟಿದ್ಯೋ, ನಿನ್ನ ಕೈ ಮುರೀತೀನಿ."

ನಾವು ಆ ಬೊಟ್ಟಿನ ಹಾಗೆ. ನನ್ನಿಂದ ಆಗುವ ಕೆಲಸ.

ಆದರೆ ಎಂದಿನಂತೆ ಎಂದರೆ ಯಾವಾಗಿನಂತೆ? ಫೆಬ್ರವರಿಗೆ ಮೊದಲಿನಂತೆಯೋ, ಆಮೇಲಿನಂತೆಯೋ? ಕೇಳಬೇಕಿತ್ತು.

ಆಗಸ್ಟ್ ೧೩, ಬುಧವಾರ

ಫಾರಂ ತುಂಬಲು ಎರಡು ಗಂಟೆ ಹಿಡಿಯಿತು. ಗುಂಜಿ ತನ್ನದನ್ನು ಹತ್ತೇ ನಿಮಿಷದಲ್ಲಿ ಮುಗಿಸಿ, ಲಕೋಟೆ ಅಂಟಿಸಿ ಮೇಜಿನ ಮೇಲಿಟ್ಟಳು. ಮಕ್ಕಳದನ್ನು ದೊಡ್ಡವರು ನೋಡಬಾರದು.

ಕಳೆದ ವಾರ ನಿಮ್ಮ ಮಗು ಎಷ್ಟು ದಿನ ಆಟವಾಡಿತು? ಸೊನ್ನೆ. ಹೋದ ವರ್ಷ ನಾನೂರು ಮೀಟರ್ ಓಟದಲ್ಲಿ ಇಡೀ ಶಾಲೆಗೆ ಎರಡನೆಯವಳು. ಬೇಸಿಗೆಯಿಂದ ಓಟ ಬಿಟ್ಟಿದ್ದಾಳೆ. ಕಾರಣ? ಗೊತ್ತಿಲ್ಲ ಎಂದು ಬರೆದೆ.

ಚಿಂತೆಯಾದಾಗ ನಿಮ್ಮ ಮಗು ಯಾರ ಬಳಿ ಹೇಳಿಕೊಳ್ಳುತ್ತದೆ? ತಾಯಿ ಎಂದು ಬರೆದುಬಿಟ್ಟೆ. ಪೆನ್ನಿನಲ್ಲಿ ಬರೆದದ್ದು. ಮೇಲೆ ಒಂದು ಗೆರೆ ಎಳೆದೆ. ಗೆರೆಯ ಕೆಳಗೂ ಓದಲು ಬರುತ್ತದೆ.

ಆಗಸ್ಟ್ ೨೪, ಭಾನುವಾರ

ಬೆಳಿಗ್ಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಗುಂಜಿ ಬಾಗಿಲಿಗೆ ಒರಗಿ ನಿಂತಳು. ಇತ್ತೀಚೆಗೆ ಅವಳು ತಾನಾಗಿ ನನ್ನ ಹತ್ತಿರ ಬಂದದ್ದೇ ಇಲ್ಲ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟೆ.

"ಅಪ್ಪಾ, ಅಮ್ಮನ ಬೀರು ತೆಗೆಯೋಣ್ವಾ?"

ಅದರ ಬೀಗದ ಕೈ ನನ್ನ ಗೊಂಚಲಲ್ಲಿದೆ. ಫೆಬ್ರವರಿಯಿಂದ ತೆಗೆದಿಲ್ಲ. ತೆಗೆದರೆ ಅವಳ ವಾಸನೆ ಹೊರಟುಹೋಗುತ್ತದೆ ಎಂಬ ಭಯ ನನಗೆ. ಅದನ್ನು ಮಗುವಿಗೆ ಹೇಳುವುದು ಹೇಗೆ? ಅಷ್ಟರಲ್ಲಿ ಅಧ್ಯಯನದ ನೆನಪಾಯಿತು. ಇಬ್ಬರೂ ಬೀರು ತೆಗೆದು ಕೂತರೆ ಅಳುತ್ತೇವೆ, ಮಾತಾಡುತ್ತೇವೆ, ಏನೋ ಒಂದು ಬದಲಾಗಿಯೇ ಆಗುತ್ತದೆ. ಅದು ಎಂದಿನಂತೆ ಅಲ್ಲ.

"ಅಧ್ಯಯನ ಮುಗೀಲಿ" ಎಂದೆ.

"ಸರಿ" ಎಂದು ಹೋದಳು. ಕಷ್ಟವಾಯಿತು. ಆದರೂ ಸರಿಯಾಗಿಯೇ ನಡೆದುಕೊಂಡೆ ಅನ್ನಿಸಿತು.

ಸೆಪ್ಟೆಂಬರ್ ೨, ಮಂಗಳವಾರ

ಏನೂ ವಿಶೇಷವಿಲ್ಲ. ಎರಡು ಪ್ಲಾಟ್‌ಫಾರಂ ತಕ್ಕಡಿ, ಒಂದು ಔಷಧಿ ಅಂಗಡಿಯದು.

ಸೆಪ್ಟೆಂಬರ್ ೬, ಶನಿವಾರ

ಬೇಕರಿಯವನ ಮಗಳು ಗುಂಜಿಯ ಕ್ಲಾಸು. ಅವರು ಎ ಗುಂಪು. ಬ್ರೆಡ್ ತರಲು ಹೋದರೆ ಹಿಡಿದು ನಿಲ್ಲಿಸಿದ.

"ಬನ್ನಿ ಬನ್ನಿ ತಕ್ಕಡಿಯವರೇ! ನಮ್ಮ ಮನೇಲಿ ಏನಾಗಿದೆ ಗೊತ್ತಾ? ಸಂಜೆ ಅಪ್ಪ ಮಗಳು ವಾಕಿಂಗು! ನಾನು, ವಾಕಿಂಗು! ಹೊಟ್ಟೆ ನೋಡಿ, ಎಷ್ಟು ಇಳಿದಿದೆ."

"ಇಳಿದಿಲ್ಲ" ಎಂದು ಒಳಗಿನಿಂದ ಅವನ ಹೆಂಡತಿಯ ದನಿ.

"ಅದೇನು ಹೇಳಿಕೊಡ್ತಾರೆ ಅಂದ್ರೆ, ಮೊದಲು ಮಗು ಹೇಳೋದನ್ನ ಪೂರ್ತಿ..."

"ಬೇಡ, ಹೇಳ್ಬೇಡಿ" ಎಂದೆ. ಅವನು ಬಾಯಿ ತೆರೆದು ಹಾಗೇ ನಿಂತ. ಅವರ ಪಾಠ ನನ್ನ ಕಿವಿಗೆ ಬಿದ್ದರೆ ನಮ್ಮ ಮನೆಯ ಲೆಕ್ಕ ಕೆಡುತ್ತದೆ. ಬ್ರೆಡ್ ಹಿಡಿದು ಬೇಗ ಬಂದೆ. ಇನ್ನು ಆ ಕಡೆಯ ಫುಟ್‌ಪಾತಿನಲ್ಲಿ ಓಡಾಡಬೇಕು.

ಬರುವಾಗ ಅವರಿಬ್ಬರೂ ಎದುರಿನ ಮೈದಾನದ ಸುತ್ತ ನಡೆಯುವುದನ್ನು ಊಹಿಸಿಕೊಂಡೆ. ಅವನು ಏದುಸಿರು ಬಿಡುತ್ತಾ ಹಿಂದೆ, ಮಗಳು ಮುಂದೆ.

ಸೆಪ್ಟೆಂಬರ್ ೧೦, ಬುಧವಾರ

ಗುಂಜಿ ಶಾಲೆಗೆ ಹೊರಟಾಗ ಕಿಟಕಿಯಿಂದ ನೋಡಿದೆ. ಚೀಲವನ್ನು ಬೆನ್ನಿಗೆ ಹಾಕುವುದಿಲ್ಲ. ಎದೆಗೆ ಅಪ್ಪಿಕೊಂಡು, ಬೆನ್ನು ಬಾಗಿಸಿ ನಡೆಯುತ್ತಾಳೆ. ಈ ಸೆಕೆಯಲ್ಲೂ ಮೇಲೆ ಸ್ವೆಟರು. ಪುಸ್ತಕದ ಭಾರ ಜಾಸ್ತಿಯಾಗಿರಬೇಕು. ಒಮ್ಮೆ ಆ ಚೀಲ ತೂಗಿ ನೋಡಬೇಕು.

ಊಟದ ತಟ್ಟೆಯನ್ನು ಕೋಣೆಗೇ ಒಯ್ಯುತ್ತಾಳೆ. ನಾನು ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತೇನೆ. ಗೋಡೆಯಾಚೆ ಅವಳ ಚಮಚದ ಸದ್ದು ಕೇಳುತ್ತದೆ. ಅದು ನಿಲ್ಲುವವರೆಗೆ ನಾನೂ ತಿನ್ನುತ್ತೇನೆ.

ಸೆಪ್ಟೆಂಬರ್ ೧೫, ಸೋಮವಾರ

ಎರಡನೇ ಫಾರಂ. ನಾಳೆ ಶಾಲೆಯಲ್ಲಿ ಕೊಡಬೇಕು. ಎರಡೂ ಲಕೋಟೆಗಳನ್ನು ಅಂಗಡಿಗೆ ತಂದಿದ್ದೆ. ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದರು. ಬಂಗಾರದಂಗಡಿಯ ಗಾಜಿನ ತಕ್ಕಡಿಯೊಂದು ರಿಪೇರಿ ಮುಗಿದು ಮೇಜಿನ ಮೇಲಿತ್ತು. ಪರೀಕ್ಷೆಗೆ ಏನಾದರೂ ಬೇಕಲ್ಲ ಎಂದು ನನ್ನ ಲಕೋಟೆ ಇಟ್ಟೆ. ಹತ್ತೊಂಬತ್ತು ಗ್ರಾಂ, ಮೇಲೆ ಸ್ವಲ್ಪ. ಗುಂಜಿಯದನ್ನು ಇಟ್ಟೆ. ಇಪ್ಪತ್ತೆರಡು.

ತಕ್ಕಡಿ ತಪ್ಪಿರಬೇಕು ಎಂದು ಮತ್ತೆ ಸೊನ್ನೆಗೆ ತಂದು ಇಟ್ಟೆ. ಇಪ್ಪತ್ತೆರಡೇ. ಇಬ್ಬರ ಫಾರಂನಲ್ಲೂ ಮೂರು ಹಾಳೆ. ಲಕೋಟೆಯೂ ಒಂದೇ ತರಹದ್ದು. ಅವಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತೂಗಿದರೆ ಎಷ್ಟಾಗುತ್ತದೆ ಎಂದು ತೂಗದೆಯೇ ನನಗೆ ಗೊತ್ತು. ಎರಡೂ ಮುಕ್ಕಾಲು ಗ್ರಾಂ.

ಒಳಗೆ ಒಂದು ಹಾಳೆ ಹೆಚ್ಚಿದೆ. ಅವಳು ಏನೋ ಬರೆದಿದ್ದಾಳೆ. ನನಗಲ್ಲ, ಅವರಿಗೆ.

ಸೆಪ್ಟೆಂಬರ್ ೧೬, ಮಂಗಳವಾರ

ಲಕೋಟೆ ಕೊಟ್ಟುಬಂದೆ. ಬೆಳಿಗ್ಗೆ ಕೆಟಲಿನ ಹಬೆ ಬರುತ್ತಿತ್ತು, ಅಂಟು ಬಿಡಿಸುವುದು ನನ್ನ ಕೈಗೆ ಕಷ್ಟದ ಕೆಲಸವಲ್ಲ. ಲಕೋಟೆ ಹಿಡಿದು ಒಲೆಯ ಹತ್ತಿರ ನಿಂತಿದ್ದೆ. ಅಷ್ಟೇ. ತೆಗೆಯಲಿಲ್ಲ.

ಚಿಕ್ಕಮ್ಮನ ಮನೆಗೆ ಹೋಗುತ್ತೇನೆ ಎಂದು ಬರೆದಿರಬಹುದು. ಅದನ್ನು ಅವರಿಗೆ ಯಾಕೆ ಬರೆಯುತ್ತಾಳೆ?

ಸೆಪ್ಟೆಂಬರ್ ೨೧, ಭಾನುವಾರ

ನಾದಿನಿ ಫೋನ್. ಗುಂಜಿಯ ಜೊತೆ ಅರ್ಧ ಗಂಟೆ ಮಾತಾಡಿದಳು. ಬಾಗಿಲು ಮುಚ್ಚಿತ್ತು. ಆಮೇಲೆ ನನಗೆ, "ಅವಳು ಹ್ಞೂಂನೂ ಅನ್ನಲ್ಲ, ಹ್ಞೂಂಹೂಂನೂ ಅನ್ನಲ್ಲ ಭಾವಾ. ಥೇಟ್ ನಿಮ್ಮ ಹಾಗೇ ಆಗಿದಾಳೆ" ಎಂದಳು.

ಸೆಪ್ಟೆಂಬರ್ ೨೪, ಬುಧವಾರ

ಇವತ್ತು ಹೆಂಡತಿಯ ನೆನಪು ಬಹಳ. ಬರೆಯಲಾರೆ.

ಸೆಪ್ಟೆಂಬರ್ ೨೯, ಸೋಮವಾರ

ಮೂಲ ಬೊಟ್ಟುಗಳನ್ನು ವರ್ಷಕ್ಕೊಮ್ಮೆ ಅಳತೆ ಕಚೇರಿಗೆ ಕಳಿಸುತ್ತೇವೆ. ಅಲ್ಲಿ ಅವುಗಳಿಗಿಂತ ಮೇಲಿನ ಬೊಟ್ಟಿನ ಜೊತೆ ಹೋಲಿಸಿ ನೋಡುತ್ತಾರೆ. ಪೆಟ್ಟಿಗೆ ಇವತ್ತು ವಾಪಸು ಬಂತು. ಇನ್ನೂರು ಗ್ರಾಮಿನದು ತಪ್ಪಿದೆ ಎಂದು ಚೀಟಿ. ಆರು ಮಿಲಿಗ್ರಾಂ ಹೆಚ್ಚು.

ಚೀಟಿಯನ್ನು ಎರಡು ಸಲ ಓದಿದೆ. "ಯಜಮಾನ್ರೇ, ಸತ್ಯವಾಗ್ಲೂ ನಾನು ಮುಟ್ಟಿಲ್ಲ. ಇಡೀ ವರ್ಷದಲ್ಲಿ ಇನ್ನೂರರದ್ದನ್ನ ಎತ್ತಿದ್ದೇ ಇಲ್ಲ."

"ಮುಟ್ಟಿದೀಯ ಅಂತ ಯಾರಂದ್ರು ಈಗ?" ಅವರು ಕನ್ನಡಕ ಹಣೆಗೇರಿಸಿ ಬೊಟ್ಟನ್ನು ಕಿಟಕಿಗೆ ಹಿಡಿದರು, ಚಿಮಟದಲ್ಲಿ. "ನೋಡು, ಎಷ್ಟು ಮಂಕಾಗಿದೆ. ನೀನು ಮುಟ್ಟಲ್ಲ ಅಂದ್ರೆ ಗಾಳಿ ಮುಟ್ಟಲ್ವೇನಯ್ಯಾ? ಇದೊಂದನ್ನ ಯಾರೂ ತೆಗೀಲಿಲ್ಲ, ಒರೆಸಲಿಲ್ಲ. ಕೂತಲ್ಲೇ ಕೂತು ಕಿಲುಬು ಹತ್ತಿಸ್ಕೊಂಡಿದೆ. ದಿನಾ ಕೆಲಸಕ್ಕೆ ತೆಗೆಯೋ ನೂರರದ್ದು ನೋಡು, ಹೊಸ ಮದುಮಗನ ಹಾಗಿದೆ!"

ಅಷ್ಟು ಹೇಳಿ ತಮ್ಮ ಮಾತಿಗೆ ತಾವೇ ನಕ್ಕರು. ನಾನು ನಗಲಿಲ್ಲ.

ಸಂಜೆ ಮನೆಗೆ ಬಂದು ಗೊಂಚಲನ್ನು ಮೊಳೆಗೆ ಹಾಕಿದೆ. ತೆಗೆದು ಜೇಬಿಗೆ ಹಾಕಿಕೊಂಡೆ. ಮತ್ತೆ ಮೊಳೆಗೆ ಹಾಕಿದೆ.

ಅಕ್ಟೋಬರ್ ೩, ಶುಕ್ರವಾರ

ಅಧ್ಯಯನದ ಹುಡುಗಿ ಅಂಗಡಿಗೇ ಬಂದಳು. ಮಕ್ಕಳನ್ನು ತೂಗುವ ಮೆಷಿನ್ನು ಒಂದೊಂದು ಸಲ ಒಂದೊಂದು ತೋರಿಸುತ್ತಿತ್ತಂತೆ. ಬಿಚ್ಚಿ ನೋಡಿದೆ. ಒಂದು ಸ್ಕ್ರೂ ಸಡಿಲವಾಗಿತ್ತು. ಅವಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

"ಸರ್, ಯಾರ ಫಾರಂನಲ್ಲಿ ಏನಿದೆ ಅಂತ ನಾನು ಹೇಳೋ ಹಾಗಿಲ್ಲ. ಹೇಳೋದೂ ಇಲ್ಲ" ಎಂದಳು.

"ಸರಿಯಮ್ಮಾ."

"ಎಲ್ಲಾ ಬಿ ಗುಂಪಿನವರನ್ನೂ ಒಂದು ಮಾತು ಕೇಳ್ತಾ ಇದೀನಿ. ಅಧ್ಯಯನ ಮುಗಿಯೋವರೆಗೆ ಮಕ್ಕಳ ಜೊತೆ ಮಾತಾಡಬಾರದು ಅಂತ ನಾವು ಯಾವತ್ತಾದ್ರೂ ಹೇಳಿದ್ವಾ? ಹಾಗೆ ಕೇಳಿಸೋ ತರ ಹೇಳಿದ್ವಾ?"

ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು. ಎರಡೂ ಮುಕ್ಕಾಲು ಗ್ರಾಂ ಹಾಳೆಯಲ್ಲಿ ಏನಿತ್ತು ಎಂದು ಗೊತ್ತಾಯಿತು.

"ಎಂದಿನಂತೆ ಇರಿ ಅಂದ್ರಿ" ಎಂದೆ.

"ಹೌದು ಸರ್."

"ನಾವು ಅಳತೆಗೋಲು ಅಂದ್ರಿ. ನಮ್ಮ ಕೆಲಸದಲ್ಲಿ ಅದನ್ನ ಮುಟ್ಟೋ ಹಾಗಿಲ್ಲ."

ಅವಳು ಕಪಾಟಿನಲ್ಲಿದ್ದ ಮಖಮಲ್ಲಿನ ಪೆಟ್ಟಿಗೆಯ ಕಡೆ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ತಪ್ಪು ನಮ್ಮದು ಸರ್. ನಮ್ಮ ಪಾಠ ಇಲ್ಲ ಅಂತ ಮಾತ್ರ ಅದರ ಅರ್ಥ. ಅಳು ಬಂದ್ರೆ ಅಳಿ, ಮಾತು ಬಂದ್ರೆ ಮಾತಾಡಿ, ಜಗಳ ಆದ್ರೆ ಜಗಳ. ಅದೆಲ್ಲಾ ಸೇರಿಯೇ ಎಂದಿನಂತೆ."

"ಅದರಿಂದ ನಿಮ್ಮ ಲೆಕ್ಕ ಕೆಡಲ್ವಾ?"

"ಕೆಟ್ಟರೆ ಕೆಡಲಿ ಬಿಡಿ" ಎಂದಳು. ಮತ್ತೆ ನಕ್ಕು, "ಕೆಡಲ್ಲ. ನಾನು ಹೀಗಂದೆ ಅಂತ ಪ್ರೊಫೆಸರಿಗೆ ಹೇಳ್ಬೇಡಿ" ಎಂದಳು.

ಮೆಷಿನ್ನು ಜೋಡಿಸಿ ಅವಳನ್ನೇ ಹತ್ತಿಸಿ ತೋರಿಸಿದೆ. ಮೂರು ಸಲವೂ ಒಂದೇ ತೂಕ.

ಅಕ್ಟೋಬರ್ ೫, ಭಾನುವಾರ

ಬೆಳಿಗ್ಗೆ ಗುಂಜಿಯ ಬಾಗಿಲು ತಟ್ಟಿದೆ. ಹಾಗೆ ತಟ್ಟಿ ಎಷ್ಟು ತಿಂಗಳಾಯಿತೋ.

"ಬೀರು ತೆಗೆಯೋಣ" ಎಂದೆ.

"ಅಧ್ಯಯನ ಮುಗೀತಾ?"

"ಇಲ್ಲ. ಆದ್ರೂ ತೆಗೆಯೋಣ."

ಬೀಗ ಬಿಗಿಯಾಗಿತ್ತು, ಎರಡು ಹನಿ ಎಣ್ಣೆ ಬಿಟ್ಟೆ. ಬಾಗಿಲು ತೆರೆಯಿತು. ವಾಸನೆ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಗುಂಜಿ ಸೀರೆಗಳನ್ನು ನೋಡುತ್ತಲೇ ಇಲ್ಲ. ಮಂಡಿಯೂರಿ ಕೆಳಗಿನ ಖಾನೆಗೆ ಕೈ ಹಾಕಿದ್ದಾಳೆ. ಎಲ್ಲಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಒಂದು ಬಟ್ಟೆಯ ಚೀಲ ಎಳೆದು ಎದೆಗೆ ಅಪ್ಪಿಕೊಂಡಳು. ಅದಕ್ಕೆ ಪಿನ್ ಚುಚ್ಚಿ ಸಿಕ್ಕಿಸಿದ ಚೀಟಿ, ಅವಳಮ್ಮನ ಅಕ್ಷರ: ಗುಂಜಿಗೆ, ಹದಿನಾಲ್ಕಾದ ಮೇಲೆ.

"ಏನಮ್ಮಾ ಅದು?" ಎಂದೆ.

ಕಿವಿಯವರೆಗೆ ಕೆಂಪಾದಳು. "ಅಮ್ಮ ಆಸ್ಪತ್ರೆಗೆ ಹೋಗೋಕೆ ಮುಂಚೆ ತಂದಿಟ್ಟಿದ್ಲು. ಒಳಗೆ ಹಾಕ್ಕೊಳೋದು. ಮತ್ತೆ, ತಿಂಗಳಿಗೆ ಬೇಕಾಗೋದು. ನನ್ನ ಹಳೇದೆಲ್ಲಾ ಯಾವಾಗ್ಲೋ ಚಿಕ್ಕದಾಗಿದೆ ಅಪ್ಪಾ."

ಸ್ವೆಟರು. ಎದೆಗೆ ಅಪ್ಪಿದ ಚೀಲ. ಬಿಟ್ಟ ಓಟ. ನಾನು ಬಿ ಗುಂಪಿನ ಬೊಟ್ಟಾಗಿ ಕಿಟಕಿಯಿಂದ ನೋಡುತ್ತಾ ನಿಂತಿದ್ದೆ.

"ನನ್ನ ಕೇಳಬಾರದಿತ್ತಾ?"

"ಕೇಳಿದ್ನಲ್ಲ. ನೀನೇ ಅಧ್ಯಯನ ಮುಗೀಲಿ ಅಂದೆ."

"ಚಿಕ್ಕಮ್ಮನಿಗಾದ್ರೂ?"

"ಚಿಕ್ಕಮ್ಮನಿಗೆ ಹೇಳಿದ್ರೆ ಅವತ್ತೇ ಬಂದು ಕರ್ಕೊಂಡು ಹೋಗ್ತಿದ್ಲಲ್ಲಪ್ಪಾ."

ಅವಳು ಅದನ್ನು ಬೈಯುವಂತೆ ಹೇಳಿದಳು, ಇಷ್ಟೂ ತಿಳಿಯಲ್ವಾ ಎನ್ನುವಂತೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಗುಂಜಿ ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತು ಒರೆಸತೊಡಗಿದಳು. ಕೊನೆಯ ತಟ್ಟೆ ಒರೆಸಿ, "ಇದು ಸರಿಯಾಗಿ ಹೋಗಿಲ್ಲ ನೋಡು" ಎಂದು ನನಗೇ ವಾಪಸು ಕೊಟ್ಟಳು. ದನಿ ಥೇಟ್ ಅವಳಮ್ಮನದೇ.

ಬೀರುವಿನ ಬಾಗಿಲು ತೆರೆದೇ ಇದೆ. ಕೋಣೆಯಲ್ಲಿ ವಾಸನೆ ಇನ್ನೂ ಇದೆ. ನಾಳೆಗೆ ಇರಲಿಕ್ಕಿಲ್ಲ.

ಅಕ್ಟೋಬರ್ ೧೭, ಶುಕ್ರವಾರ

ಬರೆಯಲು ಪುರುಸೊತ್ತಾಗಿಲ್ಲ. ಊಟದ ಹೊತ್ತಿಗೆ ಅವಳು ಇತಿಹಾಸದ ಮೇಷ್ಟ್ರು ಹೇಗೆ ಸೀನುತ್ತಾರೆ ಎಂದು ಮಾಡಿ ತೋರಿಸಿದಳು. ಔಷಧಿ ಅಂಗಡಿಯಿಂದ ತಿಂಗಳಿಗೆ ಬೇಕಾಗೋದು ತಂದುಕೊಟ್ಟೆ. ನಾಲ್ಕು ತರಹದ್ದಿವೆ ಎಂದು ನನಗೇನು ಗೊತ್ತು. ನಾಲ್ಕನ್ನೂ ತಂದಿದ್ದೆ.

ಅಕ್ಟೋಬರ್ ೨೬, ಭಾನುವಾರ

ನಾದಿನಿಯ ಫೋನನ್ನು ಗುಂಜಿ ಅಡುಗೆಮನೆಯಲ್ಲೇ, ಸ್ಪೀಕರ್ ಹಾಕಿ ಎತ್ತಿದಳು.

"ಟಿಕೆಟ್ ಮಾಡಿಸ್ಲೇನೇ? ಏನಂತೀಯ?"

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಚಾಕು ನಿಂತಿತು.

"ಅಧ್ಯಯನ ಮುಗೀಲಿ ಚಿಕ್ಕಮ್ಮಾ" ಎಂದಳು ಗುಂಜಿ, ನನ್ನ ಕಡೆ ನೋಡದೆ.

"ನಾಳೆ ಮುಗಿಯುತ್ತಲ್ಲೇ?"

"ಅದು ಮೊದಲನೇ ಭಾಗ. ಮುಂದಿನ ವರ್ಷ ನಮಗೆ ಪಾಠ ಇದೆ. ಆಮೇಲೆ ಎರಡು ವರ್ಷ ಬಂದು ಬಂದು ನೋಡ್ತಾರೆ. ಮಧ್ಯದಲ್ಲಿ ಊರು ಬಿಟ್ಟರೆ ಅವರ ಲೆಕ್ಕ ಕೆಡುತ್ತೆ."

"ಭಾವಾ, ಇವಳಿಗೆ ಇದನ್ನೆಲ್ಲಾ ನೀವೇ ಹೇಳಿಕೊಟ್ರಾ?"

"ನನಗೆ ಬಾಯಲ್ಲಿ ಮಾತೆಲ್ಲಿದೆಯಮ್ಮಾ" ಎಂದೆ.

ಅಕ್ಟೋಬರ್ ೨೭, ಸೋಮವಾರ

ಕೊನೆಯ ಫಾರಂ. ಚಿಂತೆಯಾದಾಗ ಯಾರ ಬಳಿ ಹೇಳಿಕೊಳ್ಳುತ್ತದೆ ಎಂಬ ಪ್ರಶ್ನೆ ಈ ಸಲವೂ ಇತ್ತು. ಖಾಲಿ ಬಿಟ್ಟೆ. ನನ್ನ ಹೆಸರು ನಾನೇ ಬರೆದುಕೊಳ್ಳುವುದು ಸರಿಯಲ್ಲ.

ಗುಂಜಿ ಶಾಲೆಗೆ ಹೋಗುವ ದಾರಿಯಲ್ಲಿ ನನ್ನ ಜೊತೆ ಅಂಗಡಿಗೆ ಬಂದಳು. ಯಜಮಾನರು ಇನ್ನೂ ಬಂದಿರಲಿಲ್ಲ. ಲಕೋಟೆ ತೂಗಿದ ವಿಷಯವನ್ನು ಹೋದ ವಾರವೇ ಹೇಳಿದ್ದೆ. ಕೋಪ ಮಾಡಿಕೊಂಡು ಆಮೇಲೆ ಹೊಟ್ಟೆ ಹಿಡಿದು ನಕ್ಕಿದ್ದಳು. ಇವತ್ತು ಎರಡನ್ನೂ ತಾನೇ ತೂಗುತ್ತೇನೆ ಎಂದಳು. ರಿಪೇರಿಗೆ ಬಂದಿದ್ದ ಇನ್ನೊಂದು ಬಂಗಾರದಂಗಡಿಯ ತಕ್ಕಡಿಯ ಗಾಜಿನ ಬಾಗಿಲು ಸರಿಸಿ, ಉಸಿರು ಬಿಗಿಹಿಡಿದು, ನಾನು ಮಾಡುವ ಹಾಗೇ ಇಟ್ಟಳು.

"ನನ್ನದು ಹತ್ತೊಂಬತ್ತು. ಹಾಳೆ ಇಲ್ಲಪ್ಪಾ ಈ ಸಲ." ನನ್ನದನ್ನು ಇಟ್ಟಳು. ಬಗ್ಗಿ ಅಂಕಿ ನೋಡಿದಳು, ಮತ್ತೆ ನೋಡಿದಳು. "ಅಪ್ಪಾ! ನಿನ್ನದು ಇಪ್ಪತ್ತೈದು. ಎರಡು ಹಾಳೆ! ಏನು ಬರೆದೆ?"

"ದೊಡ್ಡವರದ್ದನ್ನ ಮಕ್ಕಳು ನೋಡಬಾರದು."

"ಹೇಳಪ್ಪಾ."

"ಬಸ್ ಬಂತು ನೋಡು."

ನಿಜವಾಗಿಯೂ ಬಂದಿತ್ತು. ಎರಡೂ ಲಕೋಟೆಗಳನ್ನು ಚೀಲಕ್ಕೆ ತುರುಕಿ, ಚೀಲವನ್ನು ಬೆನ್ನಿಗೆ ಹಾಕಿಕೊಂಡು ಓಡಿದಳು. ಬಸ್ ಹೊರಟಿತ್ತು, ಆದರೂ ಹಿಡಿದಳು.

ಹೋದ ಮೇಲೆ ಅಂಗಡಿ ಬಿಕೋ ಎಂದಿತು. ಇದನ್ನೆಲ್ಲ ಸಂಜೆ ತರಕಾರಿ ಹೆಚ್ಚುತ್ತಾ ಕೇಳುವವಳು ಇಲ್ಲ. ಕಪಾಟಿನಿಂದ ಪೆಟ್ಟಿಗೆ ಇಳಿಸಿ, ಇನ್ನೂರು ಗ್ರಾಮಿನ ಬೊಟ್ಟನ್ನು ತೆಗೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಯಜಮಾನರು ಒಳಗೆ ಬಂದಾಗಲೇ ನೋಡಿಕೊಂಡದ್ದು, ಚಿಮಟ ಮೇಜಿನ ಮೇಲೇ ಇತ್ತು, ಬೊಟ್ಟು ನನ್ನ ಬರಿಗೈಯಲ್ಲಿ.